ಸಾವಿನ ನಂತರ ಮಗುವಿಗೆ ಆಸರೆಯಾಗುವುದು ಹೇಗೆ: ಹಂತ ಹಂತದ ಸಮಗ್ರ ಮಾರ್ಗದರ್ಶಿ

ಮನೆಯಲ್ಲಿ ಸಾವಾದಾಗ ಮಕ್ಕಳ ವಿಷಯದಲ್ಲಿ ದೊಡ್ಡವರು ಎಡವುವ ಜಾಗ ಹೆಚ್ಚು ಕಮ್ಮಿ ಒಂದೇ. ಮಗುವಿಗೆ ನೋವಾಗಬಾರದು ಅಂತ ವಿಷಯ ಮುಚ್ಚಿಡುತ್ತಾರೆ. ಇಲ್ಲವೇ 'ಊರಿಗೆ ಹೋಗಿದ್ದಾರೆ', 'ಮಲಗಿದ್ದಾರೆ' ಅನ್ನುತ್ತಾರೆ. ಕೆಲವು ದಿನ ಕಳೆದ ಮೇಲೆ ಮಗು ಯಾರದೋ ಬಾಯಿಂದ ಅರ್ಧಂಬರ್ಧ ಕೇಳಿಸಿಕೊಳ್ಳುತ್ತದೆ. ಆಮೇಲೆ ರಾತ್ರಿ ನಿದ್ದೆ ಬರುವುದಿಲ್ಲ, ಹತ್ತಿರದವರನ್ನು ಬಿಟ್ಟಿರುವುದಿಲ್ಲ, ಏನು ಹೇಳಿದರೂ ನಂಬುವುದಿಲ್ಲ. ಆಗ ಓದುಗರು ಕೇಳುತ್ತಾರೆ: "ಸಮಾಧಾನ ಮಾಡೋದು ಹೇಗೆ?"

ಇಲ್ಲಿ ತಪ್ಪುವುದು ಕ್ರಮ. ಸಮಾಧಾನ ಮೊದಲು, ನಿಜ ಆಮೇಲೆ ಅಂತಾದರೆ ಎರಡೂ ಕೆಲಸಕ್ಕೆ ಬರುವುದಿಲ್ಲ. ಮೊದಲು ನಿಜ, ಆಮೇಲೆ ಮಗುವಿನ ಪ್ರಶ್ನೆಗಳು, ಅದಾದ ಮೇಲೆ ದಿನಚರಿ, ನಂತರ ನೆನಪು. ಈ ಕ್ರಮದಲ್ಲೇ ಹೋಗೋಣ.

ಶುರು ಮಾಡುವ ಮುಂಚೆ ಏನೇನು ಬೇಕು

ಎಲ್ಲಕ್ಕಿಂತ ಮೊದಲು ಒಬ್ಬ ದೊಡ್ಡವರು ಬೇಕು. ಮುಂದಿನ ಕೆಲವು ವಾರ ಮಗುವಿನ ಜೊತೆ ತಪ್ಪದೆ ಇರಬಲ್ಲವರು. ಅದು ನೀವೇ ಆಗಬೇಕಿಲ್ಲ. ಗಂಡನನ್ನೋ ಹೆಂಡತಿಯನ್ನೋ ಕಳೆದುಕೊಂಡ ನಿಮಗೆ ಮಂಚದಿಂದ ಏಳುವುದೇ ಕಷ್ಟವಾಗಿರಬಹುದು. ಹಾಗಿದ್ದರೆ ಮಗು ಈಗಾಗಲೇ ನಂಬಿರುವ ಒಬ್ಬರನ್ನು ಜೊತೆಗೆ ಕರೆಸಿಕೊಳ್ಳಿ.

ಸಾಮಾನು ಅಂತ ಬೇಕಾಗುವುದು ಕಡಿಮೆ: ಹಾಳೆ, ಬಣ್ಣದ ಪೆನ್ಸಿಲ್, ದೊಡ್ಡ ಅಕ್ಷರದ ಒಂದು ಕ್ಯಾಲೆಂಡರ್, ಮುಚ್ಚಳವಿರುವ ಒಂದು ಡಬ್ಬ, ಮಗು ತಬ್ಬಿಕೊಂಡು ಮಲಗುವ ಗೊಂಬೆ ಅಥವಾ ಹೊದಿಕೆ. ಇವುಗಳ ಉಪಯೋಗ ಮುಂದೆ ಬರುತ್ತದೆ.

ಹಂತ 1: ಬೇಗ ಹೇಳಿ, ಹತ್ತಿರದವರೇ ಹೇಳಿ

ಸಾವು ಖಚಿತವಾದ ಮೇಲೆ ಆದಷ್ಟು ಬೇಗ ಹೇಳಬೇಕು. ಅದೇ ದಿನ ಆದರೆ ಒಳ್ಳೆಯದು. ಮನೆಗೆ ಜನ ಬರಲು ಶುರುವಾದರೆ, ಫೋನುಗಳು ಹೊಡೆದುಕೊಳ್ಳತೊಡಗಿದರೆ, ಎರಡು ವರ್ಷದ ಕೂಸಿಗೂ ಏನೋ ಆಗಿದೆ ಅಂತ ಗೊತ್ತಾಗುತ್ತದೆ. ಏನಾಗಿದೆ ಅಂತ ಯಾರೂ ಹೇಳದಿದ್ದರೆ ಮಗು ತಾನೇ ಒಂದು ಕಾರಣ ಕಟ್ಟಿಕೊಳ್ಳುತ್ತದೆ. ಅದು ಸಾಮಾನ್ಯವಾಗಿ ನಿಜಕ್ಕಿಂತ ಭಯಂಕರವಾಗಿರುತ್ತದೆ.

ಹೇಳುವ ಜಾಗ ಮಗುವಿಗೆ ಪರಿಚಯದ್ದಾಗಿರಲಿ. ಟಿವಿ ಆರಿಸಿ, ಫೋನ್ ದೂರ ಇಡಿ. ಮಗುವಿನ ಮಟ್ಟಕ್ಕೆ ಕೆಳಗೆ ಕೂತುಕೊಳ್ಳಿ. ಬೇರೆ ಬೇರೆ ವಯಸ್ಸಿನ ಮಕ್ಕಳಿದ್ದರೆ ಎಲ್ಲರಿಗೂ ಒಟ್ಟಿಗೆ ಹೇಳಿ, ಆಮೇಲೆ ಒಬ್ಬೊಬ್ಬರ ಜೊತೆ ಬೇರೆ ಕೂತು ಮಾತಾಡಿ. ದೊಡ್ಡವನಿಗೆ ಮೊದಲೇ ಹೇಳಿ "ತಂಗಿಗೆ ಹೇಳ್ಬೇಡ" ಅನ್ನಬೇಡಿ. ಗುಟ್ಟು ಕಾಯುವ ಕೆಲಸ ಮಗುವಿನದ್ದಲ್ಲ.

ಹಂತ 2: ಸತ್ತರು ಅಂತಲೇ ಹೇಳಿ

ಹೆಚ್ಚು ಜನ ಸೋಲುವುದು ಇಲ್ಲೇ. ಹಿರಿಯರ ಬಗ್ಗೆ 'ಸತ್ತರು' ಅನ್ನಲು ನಮಗೆ ನಾಲಿಗೆ ಬರುವುದಿಲ್ಲ. 'ತೀರಿಕೊಂಡರು', 'ಹೋಗಿಬಿಟ್ಟರು', 'ನಮ್ಮನ್ನ ಬಿಟ್ಟು ಹೋದರು' ಅನ್ನುತ್ತೇವೆ. ಆರು ವರ್ಷದ ಮಗುವಿಗೆ ಇವು ಅರ್ಥವಾಗುವುದಿಲ್ಲ. ಬಿಟ್ಟು ಹೋದವರು ವಾಪಸ್ ಬರಬಹುದು ಅಂತ ಅದು ಬಾಗಿಲು ನೋಡುತ್ತಾ ಕೂರುತ್ತದೆ. ನಿಮಗೆ ಗೌರವದ ಮಾತೇ ಬೇಕಿದ್ದರೆ ಎರಡನ್ನೂ ಸೇರಿಸಿ: "ಅಜ್ಜ ತೀರಿಕೊಂಡ್ರು, ಅಂದ್ರೆ ಸತ್ತುಹೋದ್ರು."

ಹೇಳುವಾಗ ನಾಲ್ಕು ವಿಷಯ ಬರಬೇಕು. ಆ ವ್ಯಕ್ತಿ ಸತ್ತಿದ್ದಾರೆ. ಯಾಕೆ ಸತ್ತರು. ದೇಹ ಕೆಲಸ ನಿಲ್ಲಿಸಿದೆ. ಅವರು ಮತ್ತೆ ಬರುವುದಿಲ್ಲ. ಚಿಕ್ಕ ಮಗುವಿಗೆ ಹೀಗೆ ಹೇಳಬಹುದು:

"ಪುಟ್ಟಾ, ನಿಂಗೆ ತುಂಬಾ ಬೇಜಾರಿನ ಒಂದು ವಿಷಯ ಹೇಳ್ಬೇಕು. ಅಜ್ಜ ಇವತ್ತು ಸತ್ತುಹೋದ್ರು. ಅವರ ಹೃದಯ ತುಂಬಾ ಕೆಟ್ಟುಹೋಗಿತ್ತು. ಡಾಕ್ಟರು ತುಂಬಾ ಪ್ರಯತ್ನ ಮಾಡಿದ್ರು, ಆದ್ರೂ ಸರಿ ಹೋಗ್ಲಿಲ್ಲ. ಈಗ ಅಜ್ಜನ ದೇಹ ಕೆಲಸ ಮಾಡ್ತಾ ಇಲ್ಲ. ಉಸಿರಾಡಲ್ಲ, ಮಾತಾಡಲ್ಲ, ಹಸಿವಾಗಲ್ಲ, ನೋವೂ ಆಗಲ್ಲ. ಅವರು ಇನ್ನು ವಾಪಸ್ ಬರಲ್ಲ."

ಇಷ್ಟು ಹೇಳಿ ನಿಲ್ಲಿಸಿ. ಮೌನ ತಡೆಯಲಾರದೆ ನಾವು ಮಾತು ತುಂಬುತ್ತಾ ಹೋಗುತ್ತೇವೆ. ಬೇಡ. ಮಗುವಿನ ಕೈ ಹಿಡಿದುಕೊಂಡು ಕಾಯಿರಿ.

ಕೆಲವು ಮಾತುಗಳನ್ನು ದೂರ ಇಡಿ. 'ಮಲಗಿದ್ದಾರೆ' ಅಂದರೆ ಮಗು ಮಲಗಲು ಹೆದರುತ್ತದೆ, ನೀವು ಮಲಗಿದಾಗ ಅಲ್ಲಾಡಿಸಿ ಎಬ್ಬಿಸುತ್ತದೆ. 'ಹುಷಾರಿರಲಿಲ್ಲ' ಅಂತ ಅಷ್ಟೇ ಹೇಳಿದರೆ ಮುಂದಿನ ಸಲ ನೆಗಡಿ ಬಂದಾಗ ತಾನೂ ಸಾಯುತ್ತೇನೆ ಅಂದುಕೊಳ್ಳುತ್ತದೆ. ಆದ್ದರಿಂದ ಕಾಯಿಲೆಯ ಹೆಸರು ಹೇಳಿ, ಇದು ಜ್ವರ ಕೆಮ್ಮಿನಂಥದ್ದಲ್ಲ ಅಂತ ಬಿಡಿಸಿ ಹೇಳಿ. 'ವಯಸ್ಸಾಗಿತ್ತು' ಅನ್ನುವುದೂ ಸಾಲದು. ಐದು ವರ್ಷದವರ ಕಣ್ಣಿಗೆ ಮೂವತ್ತರ ಅಮ್ಮನೂ ವಯಸ್ಸಾದವಳೇ ಅಲ್ವಾ?

'ಒಳ್ಳೆಯವರನ್ನ ದೇವರು ಬೇಗ ಕರ್ಕೋತಾನೆ' ಅನ್ನುವ ಮಾತು ಇನ್ನೂ ಕಷ್ಟ. ಒಳ್ಳೆಯವರಾಗಿರುವುದೇ ಅಪಾಯ ಅಂತ ಮಗುವಿಗೆ ಅನಿಸಬಹುದು. ನಿಮ್ಮ ಮನೆಯಲ್ಲಿ ನಂಬಿಕೆ ಇದ್ದರೆ ಖಂಡಿತ ಹೇಳಿ. ಆದರೆ ದೇಹದ ವಿಷಯ ಹೇಳಿ ಮುಗಿಸಿದ ಮೇಲೆ, "ನಾವು ನಂಬೋದು ಹೀಗೆ" ಅಂತ ಬೇರೆಯಾಗಿ ಹೇಳಿ.

ಹಂತ 3: ಮಗು ಏನು ಮಾಡಿದರೂ ಅದನ್ನು ತಿದ್ದಬೇಡಿ

ಒಂದು ಮಗು ಚೀರುತ್ತದೆ. ಇನ್ನೊಂದು "ಸರಿ, ನಾನು ಆಟ ಆಡ್ಲಾ?" ಅನ್ನುತ್ತದೆ. ಎರಡೂ ಸಹಜ. ಮಕ್ಕಳಿಗೆ ದುಃಖದಲ್ಲಿ ಒಂದೇ ಸಮನೆ ಇರಲು ಆಗುವುದಿಲ್ಲ. ಮಳೆನೀರಿನ ಗುಂಡಿಗೆ ಹಾರಿ, ಆಚೆ ಬಂದು, ಮತ್ತೆ ಹಾರುವ ಹಾಗೆ ಒಳಗೆ ಹೊರಗೆ ಹೋಗಿ ಬರುತ್ತಿರುತ್ತಾರೆ. ಹತ್ತು ನಿಮಿಷ ಅತ್ತು, ಆಮೇಲೆ ಗೊಂಬೆ ಹಿಡಿದು ನಗುವ ಮಗುವನ್ನು ನೋಡಿ ಇದಕ್ಕೆ ಅರ್ಥವೇ ಆಗಿಲ್ಲ ಅಂತ ತೀರ್ಮಾನಿಸಬೇಡಿ.

ಗಂಡುಮಕ್ಕಳಿಗೆ "ಅಳಬೇಡ, ಧೈರ್ಯವಾಗಿರು" ಅಂತ ಬಂದವರೆಲ್ಲ ಹೇಳುತ್ತಾರೆ. ಇನ್ನೂ ಕೆಟ್ಟದ್ದು, "ಇನ್ಮೇಲೆ ನೀನೇ ಮನೆಗೆ ಯಜಮಾನ." ಹನ್ನೆರಡು ವರ್ಷದ ಹುಡುಗ ಇದನ್ನು ನಿಜವಾಗಿ ಹೊತ್ತುಕೊಳ್ಳುತ್ತಾನೆ. ಯಾರಾದರೂ ಹಾಗೆ ಹೇಳಿದರೆ ಅವನ ಎದುರೇ ತಿದ್ದಿ: "ಇಲ್ಲ, ಮನೆ ನೋಡ್ಕೊಳ್ಳೋದು ನನ್ನ ಕೆಲಸ. ಅವನು ಇನ್ನೂ ಮಗು." ಬಂದವರು ಬೇಜಾರು ಮಾಡಿಕೊಂಡರೂ ಪರವಾಗಿಲ್ಲ.

ನೀವು ಮಗುವಿನ ಎದುರು ಅತ್ತರೆ ತಪ್ಪೇನೂ ಇಲ್ಲ. ಅಳುವುದರ ಜೊತೆ ಒಂದು ಮಾತು ಸೇರಿಸಿ: "ಅಪ್ಪನ ನೆನಪಾಗಿ ಅಳ್ತಾ ಇದ್ದೀನಿ. ನೀನೇನೂ ಮಾಡಿಲ್ಲ. ಸ್ವಲ್ಪ ಹೊತ್ತಿಗೆ ಸರಿ ಹೋಗ್ತೀನಿ." ಕಾರಣ ಹೇಳದೆ ಬಾಗಿಲು ಹಾಕಿಕೊಂಡು ಅತ್ತರೆ ಮಗು ತಾನೇ ಕಾರಣ ಅಂದುಕೊಳ್ಳುತ್ತದೆ.

ಹಂತ 4: ಕೇಳದೇ ಉಳಿಯುವ ಮೂರು ಪ್ರಶ್ನೆಗಳಿಗೆ ನೀವೇ ಉತ್ತರ ಕೊಡಿ

ಎಷ್ಟೋ ಮಕ್ಕಳ ಒಳಗೆ ಮೂರು ಭಯ ಇರುತ್ತವೆ. ಬಾಯಿಬಿಟ್ಟು ಕೇಳುವವರು ಕಡಿಮೆ. ಆದ್ದರಿಂದ ಕೇಳುವವರೆಗೆ ಕಾಯಬೇಡಿ.

ಮೊದಲನೆಯದು, ನನ್ನಿಂದಲೇ ಹೀಗಾಯ್ತಾ? ಚಿಕ್ಕ ಮಕ್ಕಳು ತಾವು ಅಂದುಕೊಂಡದ್ದು ನಡೆದುಬಿಡುತ್ತದೆ ಅಂತ ನಂಬುತ್ತಾರೆ. ಜಗಳವಾಡಿದಾಗ ತಮ್ಮನಿಗೆ 'ನೀನು ಸಾಯಿ' ಅಂದಿದ್ದರೆ, ಅಮ್ಮನ ಮಾತು ಕೇಳದೆ ಹಟ ಮಾಡಿದ್ದರೆ, ಅದನ್ನೇ ಹಿಡಿದುಕೊಂಡು ಒಳಗೊಳಗೇ ಕೊರಗುತ್ತಾರೆ. ಸ್ಪಷ್ಟವಾಗಿ ಹೇಳಿ: "ನೀನು ಹೇಳಿದ್ದರಿಂದ, ಅಂದುಕೊಂಡಿದ್ದರಿಂದ, ಮಾಡಿದ್ದರಿಂದ ಇದು ಆಗಿದ್ದಲ್ಲ. ಬೈದರೆ ಯಾರೂ ಸಾಯಲ್ಲ." ಒಂದು ಸಲ ಹೇಳಿದರೆ ಸಾಲದು. ವಾರ ಬಿಟ್ಟು ಮತ್ತೆ ಹೇಳಿ. ದೊಡ್ಡ ಮಕ್ಕಳಲ್ಲೂ ಇದು ಇರುತ್ತದೆ. 'ಅವತ್ತು ನಾನು ಫೋನ್ ಎತ್ತಿದ್ದರೆ' ಅಂತ ಅವರು ಯೋಚಿಸುತ್ತಿರುತ್ತಾರೆ.

ಎರಡನೆಯದು, ನಾನೂ ಸಾಯ್ತೀನಾ, ನೀನೂ ಸಾಯ್ತೀಯಾ? 'ನಾನು ಸಾಯೋದೇ ಇಲ್ಲ' ಅಂತ ಮಾತು ಕೊಡಬೇಡಿ. ಅದು ಸುಳ್ಳು ಅಂತ ಮಗುವಿಗೆ ಈಗ ತಾನೇ ಗೊತ್ತಾಗಿದೆ. "ಒಂದಲ್ಲ ಒಂದು ದಿನ ಎಲ್ಲರೂ ಸಾಯ್ತಾರೆ. ಹೆಚ್ಚಿನವರು ತುಂಬಾ ವರ್ಷ ಬದುಕ್ತಾರೆ. ನಾನು ಆರೋಗ್ಯವಾಗಿದ್ದೀನಿ. ತುಂಬಾ ದಿನ ನಿನ್ನ ಜೊತೆ ಇರೋ ಆಸೆ ನನಗಿದೆ" ಅನ್ನಿ. ನಿಮಗೇ ಕಾಯಿಲೆ ಇದ್ದರೆ 'ಆರೋಗ್ಯವಾಗಿದ್ದೀನಿ' ಅನ್ನಬೇಡಿ, ಏನು ಚಿಕಿತ್ಸೆ ನಡೆಯುತ್ತಿದೆ ಅಂತ ಹೇಳಿ.

ಮೂರನೆಯದು, ನನ್ನನ್ನ ಯಾರು ನೋಡ್ಕೊಳ್ತಾರೆ? ದೊಡ್ಡವರಿಗೆ ಇದು ಸ್ವಾರ್ಥದ ಪ್ರಶ್ನೆ ಅನಿಸುತ್ತದೆ. ಸ್ವಾರ್ಥ ಅಲ್ಲ, ಮಗುವಿಗೆ ಇದು ಬದುಕಿನ ಪ್ರಶ್ನೆ. ಬಿಡಿಸಿ ಬಿಡಿಸಿ ಉತ್ತರ ಕೊಡಿ. ಶಾಲೆಗೆ ಯಾರು ಬಿಡುತ್ತಾರೆ, ಜಡೆ ಯಾರು ಹಾಕುತ್ತಾರೆ, ರಾತ್ರಿ ಪಕ್ಕದಲ್ಲಿ ಯಾರು ಮಲಗುತ್ತಾರೆ, ಇದೇ ಮನೆಯಲ್ಲಿ ಇರುತ್ತೇವಾ. ಕ್ಯಾಲೆಂಡರ್ ಇಲ್ಲಿ ಬೇಕಾಗುತ್ತದೆ. ಯಾವ ದಿನ ಯಾರು ಕರೆದುಕೊಂಡು ಬರುತ್ತಾರೆ ಅಂತ ಮಗುವಿನ ಜೊತೆ ಕೂತು ಬರೆಯಿರಿ. ಕೊನೆಗೆ ಇದನ್ನೂ ಸೇರಿಸಿ: "ನನಗೇನಾದರೂ ಆದ್ರೆ ಅತ್ತೆ ನೋಡ್ಕೊಳ್ತಾರೆ. ಅವರ ಹತ್ರ ಮಾತಾಡಿದ್ದೀನಿ." ಮೊದಲು ಅತ್ತೆಯ ಹತ್ತಿರ ನಿಜವಾಗಿ ಮಾತಾಡಿರಿ.

ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಪ್ರತಿ ಸಲವೂ ಅದೇ ಉತ್ತರ, ಅದೇ ಮಾತಿನಲ್ಲಿ ಕೊಡಿ. ಉತ್ತರ ಬದಲಾಗುತ್ತದಾ ಅಂತ ಮಗು ಪರೀಕ್ಷೆ ಮಾಡುತ್ತಿದೆ, ನಿಮ್ಮನ್ನು ಸತಾಯಿಸುತ್ತಿಲ್ಲ.

ವಯಸ್ಸಿಗೆ ತಕ್ಕ ಹಾಗೆ ಏನು ಬದಲಾಗುತ್ತದೆ

ಎರಡು ವರ್ಷದೊಳಗಿನ ಕೂಸಿಗೆ ಸಾವು ಗೊತ್ತಾಗುವುದಿಲ್ಲ. ಎತ್ತಿಕೊಳ್ಳುತ್ತಿದ್ದ ಕೈ ಇಲ್ಲ ಅನ್ನುವುದು ಗೊತ್ತಾಗುತ್ತದೆ. ಇಲ್ಲಿ ಮಾತಿಗಿಂತ ಅದೇ ಹೊತ್ತಿಗೆ ಊಟ, ನಿದ್ದೆ, ಅದೇ ವ್ಯಕ್ತಿಯ ಮಡಿಲು ಮುಖ್ಯ.

ಮೂರರಿಂದ ಐದರವರೆಗಿನ ಮಕ್ಕಳಿಗೆ ಸಾವು ಶಾಶ್ವತ ಅನ್ನುವುದು ತಲೆಗೆ ಹೋಗುವುದಿಲ್ಲ. "ಸತ್ತಿದ್ದು ಮುಗೀತಾ, ನಾಳೆ ಬರ್ತಾರಾ?" ಅಂತ ಕೇಳುತ್ತಾರೆ. ಸುಮಾರು ಐದರಿಂದ ಏಳು ವರ್ಷದ ನಡುವೆ ಮೂರು ವಿಷಯ ನಿಧಾನಕ್ಕೆ ಕೂಡುತ್ತವೆ: ಸತ್ತವರು ತಿರುಗಿ ಬರುವುದಿಲ್ಲ, ದೇಹ ಪೂರ್ತಿ ನಿಲ್ಲುತ್ತದೆ, ಎಲ್ಲರಿಗೂ ಸಾವಿದೆ. ಈ ವಯಸ್ಸಿನವರು ದೇಹದ ಬಗ್ಗೆ ನೇರವಾಗಿ ಕೇಳುತ್ತಾರೆ. ಕೇಳಿ ಗಾಬರಿಯಾಗಬೇಡಿ, ಬೈಯಬೇಡಿ. ಒಂದು ಸಾಲಿನ ನಿಜವಾದ ಉತ್ತರ ಸಾಕು.

ಹದಿಹರೆಯದವರಿಗೆ ಎಲ್ಲ ಗೊತ್ತಿರುತ್ತದೆ, ಮಾತು ಮಾತ್ರ ಬರುವುದಿಲ್ಲ. ಎದುರು ಕೂರಿಸಿ ಕೇಳಿದರೆ 'ಏನಿಲ್ಲ' ಅನ್ನುತ್ತಾರೆ. ನಡೆಯುವಾಗ, ಗಾಡಿಯಲ್ಲಿ ಹೋಗುವಾಗ, ಪಾತ್ರೆ ಒರೆಸುವಾಗ ಪಕ್ಕದಲ್ಲಿರಿ. ಗೆಳೆಯರ ಹತ್ತಿರ ಜಾಸ್ತಿ ಹೇಳಿಕೊಂಡರೆ ಬೇಜಾರು ಮಾಡಿಕೊಳ್ಳಬೇಡಿ.

ಹಂತ 5: ಅಂತ್ಯಕ್ರಿಯೆಗೆ ಬರುವುದು ಬಿಡುವುದು ಮಗುವಿಗೆ ಬಿಡಿ, ಆದರೆ ಮೊದಲು ವಿವರಿಸಿ

ಕರೆದುಕೊಂಡು ಹೋಗಬೇಕಾ ಬೇಡವಾ ಅಂತ ದೊಡ್ಡವರೇ ನಿರ್ಧಾರ ಮಾಡಿಬಿಡುತ್ತಾರೆ. ಅದಕ್ಕಿಂತ ಅಲ್ಲಿ ಏನು ನಡೆಯುತ್ತದೆ ಅಂತ ಮುಂಚೆಯೇ ಹೇಳಿ, ಆಮೇಲೆ ಕೇಳಿ. ಎಲ್ಲಿ, ಎಷ್ಟು ಹೊತ್ತು, ಜನ ಹೇಗೆ ಅಳಬಹುದು, ದೇಹ ಎಲ್ಲಿರುತ್ತದೆ, ಮುಟ್ಟಿದರೆ ತಣ್ಣಗಿರುತ್ತದೆ, ಆಮೇಲೆ ದೇಹವನ್ನು ಏನು ಮಾಡುತ್ತಾರೆ. ಸುಡುವ ಅಥವಾ ಹೂಳುವ ವಿಷಯ ಹೇಳುವ ಮುಂಚೆ 'ದೇಹಕ್ಕೆ ಈಗ ಏನೂ ನೋವಾಗಲ್ಲ' ಅನ್ನುವುದು ಮಗುವಿಗೆ ಅರ್ಥವಾಗಿರಲೇಬೇಕು. ಈ ಕ್ರಮ ತಪ್ಪಿದರೆ ಕೆಟ್ಟ ಕನಸುಗಳು ಶುರುವಾಗಬಹುದು.

ಬರುತ್ತೇನೆ ಅಂದರೆ ಮಗುವಿಗೆ ಅಂತಲೇ ಒಬ್ಬರನ್ನು ಗೊತ್ತು ಮಾಡಿ. ಅವರು ತೀರಾ ಹತ್ತಿರದ ದುಃಖದಲ್ಲಿ ಇರಬಾರದು. ಮಗು ಸಾಕು ಅಂದ ಕೂಡಲೇ ಹೊರಗೆ ಕರೆದುಕೊಂಡು ಹೋಗಬೇಕು. ಬರುವುದಿಲ್ಲ ಅಂದರೆ ಒತ್ತಾಯ ಬೇಡ, ಅಪರಾಧಿ ಭಾವ ಹುಟ್ಟಿಸುವ ಮಾತೂ ಬೇಡ. ಒಂದು ಚಿತ್ರವನ್ನೋ ಪತ್ರವನ್ನೋ ಕಳಿಸುತ್ತೀಯಾ ಅಂತ ಕೇಳಿ. ದೇಹವನ್ನು ಮುಟ್ಟು, ಮುತ್ತು ಕೊಡು ಅಂತ ಯಾರೂ ಬಲವಂತ ಮಾಡದಂತೆ ನೋಡಿಕೊಳ್ಳಿ.

ಹಂತ 6: ದಿನಚರಿಯನ್ನು ಬೇಗ ವಾಪಸ್ ತನ್ನಿ

ಏಳುವ ಹೊತ್ತು, ಊಟದ ಹೊತ್ತು, ಮಲಗುವ ಹೊತ್ತು ಮೊದಲಿನ ಹಾಗೇ ಇರಲಿ. ಮನೆ ಬದಲಿಸುವುದು, ಶಾಲೆ ಬದಲಿಸುವುದು, ಮಗುವನ್ನು ನೆಂಟರ ಮನೆಗೆ ಕಳಿಸುವುದು ಇವನ್ನೆಲ್ಲ ಸಾಧ್ಯವಾದಷ್ಟು ಮುಂದಕ್ಕೆ ಹಾಕಿ. 'ಸ್ವಲ್ಪ ದಿನ ಬೇರೆ ಕಡೆ ಇರಲಿ, ಮನಸ್ಸು ಬದಲಾಗುತ್ತೆ' ಅಂತ ಕಳಿಸಿದರೆ ಮಗು ಒಬ್ಬರ ಬದಲು ಇಬ್ಬರನ್ನು ಕಳೆದುಕೊಂಡ ಹಾಗಾಗುತ್ತದೆ.

ಮೊದಲಿದ್ದ ನಿಯಮಗಳೂ ಇರಲಿ. ಪಾಪ ಅಂತ ಎಲ್ಲಕ್ಕೂ ಹೂಂ ಅಂದರೆ ಎಲ್ಲವೂ ಕುಸಿದಿದೆ ಅಂತ ಮಗುವಿಗೆ ಅನಿಸುತ್ತದೆ. ಹಾಸಿಗೆಯಲ್ಲಿ ಉಚ್ಚೆ ಮಾಡಿಕೊಳ್ಳುವುದು, ಬೆರಳು ಚೀಪುವುದು, ಬಿಟ್ಟಿದ್ದ ಅಭ್ಯಾಸಗಳು ತಿರುಗಿ ಬರುವುದು ಇವೆಲ್ಲ ಮೊದಲ ವಾರಗಳಲ್ಲಿ ಆಗುವಂಥವೇ. ನಾಚಿಕೆ ಮಾಡಿಸಬೇಡಿ, ಬಟ್ಟೆ ಬದಲಿಸಿ ಸುಮ್ನೆ ಮಲಗಿಸಿ. ಹೊಟ್ಟೆನೋವು, ತಲೆನೋವು ಅಂದರೆ ನಾಟಕ ಅನ್ನಬೇಡಿ. ನೋವು ನಿಜ. ಬಿಡದೆ ಬಂದರೆ ವೈದ್ಯರಿಗೆ ತೋರಿಸಿ.

ಹಂತ 7: ಮಗು ಹೋಗುವ ಮುಂಚೆ ಶಾಲೆಗೆ ವಿಷಯ ಮುಟ್ಟಲಿ

ಕ್ಲಾಸ್ ಟೀಚರಿಗೆ ಏನಾಯಿತು, ಮಗುವಿಗೆ ಏನು ಹೇಳಲಾಗಿದೆ ಅನ್ನುವ ಎರಡೂ ಗೊತ್ತಿರಬೇಕು. ಸಹಪಾಠಿಗಳಿಗೆ ಯಾರು ಹೇಳಬೇಕು, ಎಷ್ಟು ಹೇಳಬೇಕು ಅಂತ ಮಗುವನ್ನೇ ಕೇಳಿ. ಅಳು ಬಂದರೆ ಯಾರನ್ನೂ ಕೇಳದೆ ಎದ್ದು ಹೋಗಲು ಒಂದು ಗುರುತು, ಹೋಗಲು ಒಂದು ಜಾಗ, ಅಲ್ಲಿ ಒಬ್ಬ ಟೀಚರ್ ಇದ್ದರೆ ಸಾಕು. "ನಿಮ್ಮಪ್ಪ ಹೇಗೆ ಸತ್ತರು?" ಅಂತ ಯಾರಾದರೂ ಕೇಳಿದರೆ ಏನು ಹೇಳಬೇಕು ಅಂತ ಮನೆಯಲ್ಲೇ ಅಭ್ಯಾಸ ಮಾಡಿಸಿ. "ಅದರ ಬಗ್ಗೆ ಈಗ ಮಾತಾಡಕ್ಕೆ ನಂಗೆ ಇಷ್ಟ ಇಲ್ಲ" ಅನ್ನುವುದೂ ಒಳ್ಳೆಯ ಉತ್ತರ.

ಹಂತ 8: ಸತ್ತವರ ಹೆಸರನ್ನು ಮನೆಯಲ್ಲಿ ಉಳಿಸಿ

ಫೋಟೋ ತೆಗೆದಿಟ್ಟು, ಬಟ್ಟೆ ಕೊಟ್ಟುಬಿಟ್ಟು, ಹೆಸರೆತ್ತದೆ ಇದ್ದರೆ ಮಗು ಮರೆಯುವುದಿಲ್ಲ. ಮಾತಾಡಬಾರದು ಅಂತ ಮಾತ್ರ ಕಲಿಯುತ್ತದೆ. ಸಾಮಾನು ವಿಲೇವಾರಿ ಮಾಡುವ ಮುಂಚೆ ಮಗುವಿಗೆ ಏನು ಬೇಕು ಅಂತ ಕೇಳಿ. ಅದನ್ನು ಡಬ್ಬದಲ್ಲಿ ಇಡಲಿ: ಕನ್ನಡಕ, ಕರವಸ್ತ್ರ, ಅಂಗಿಯ ಗುಂಡಿ, ಕೈಬರಹದ ಚೀಟಿ. ಫೋನಿನಲ್ಲಿರುವ ದನಿ ಮತ್ತು ವಿಡಿಯೋಗಳನ್ನು ಈಗಲೇ ಎರಡು ಕಡೆ ಉಳಿಸಿ. ಆ ಸಿಮ್ ನಿಂತುಹೋದ ಮೇಲೆ ಪರದಾಡುವುದು ಬೇಡ.

ಮಾತು ಬಾರದ ಮಗು ಹಾಳೆಯ ಮೇಲೆ ಬಿಡಿಸುತ್ತದೆ. "ಇದೇನು?" ಅಂತ ಪರೀಕ್ಷೆ ಮಾಡಬೇಡಿ. "ಇದರ ಬಗ್ಗೆ ಹೇಳ್ತೀಯಾ?" ಅಂದು ಬಿಟ್ಟುಬಿಡಿ. ಸತ್ತವರನ್ನು ದೇವರ ಹಾಗೆ ಮಾಡುವುದೂ ಬೇಡ. ಅವರಿಗೆ ಸಿಟ್ಟು ಬರುತ್ತಿತ್ತು, ಅವರೂ ಮರೆಯುತ್ತಿದ್ದರು ಅಂತ ಹೇಳಿಕೊಳ್ಳಲು ಮಗುವಿಗೆ ಅವಕಾಶ ಇರಲಿ.

ಸಾವು ಆತ್ಮಹತ್ಯೆಯಾಗಿದ್ದರೆ

ಇಲ್ಲಿ ಸುಳ್ಳು ಹೇಳುವ ಒತ್ತಡ ಜಾಸ್ತಿ. ಆದರೂ ಅಪಘಾತ ಅಂತ ಹೇಳಿದ ಕಥೆ ಬಹಳ ದಿನ ನಿಲ್ಲುವುದಿಲ್ಲ. ಮಗು ಬೇರೆಯವರಿಂದ ತಿಳಿದರೆ ನಿಮ್ಮ ಮೇಲಿನ ನಂಬಿಕೆಯೂ ಹೋಗುತ್ತದೆ. ಚಿಕ್ಕ ಮಾತಿನಲ್ಲಿ ನಿಜ ಹೇಳಿ: "ಅಪ್ಪನ ಮನಸ್ಸಿಗೆ ತುಂಬಾ ಕಾಯಿಲೆ ಆಗಿತ್ತು. ಅವರು ತಮ್ಮ ಜೀವ ತಾವೇ ತೆಗೆದುಕೊಂಡ್ರು. ನಿನ್ನ ಮೇಲೆ ಪ್ರೀತಿ ಇರಲಿಲ್ಲ ಅಂತಲ್ಲ. ಇದರಲ್ಲಿ ನಿನ್ನ ತಪ್ಪಿಲ್ಲ." ಹೇಗೆ ಮಾಡಿಕೊಂಡರು ಅನ್ನುವ ವಿವರ ನೀವಾಗಿ ಕೊಡಬೇಡಿ. ಮನಸ್ಸಿನ ಕಷ್ಟಕ್ಕೆ ಸಹಾಯ ಸಿಗುತ್ತದೆ, ಯಾವಾಗ ಬೇಕಾದರೂ ನನ್ನ ಹತ್ತಿರ ಬಾ ಅಂತ ಜೊತೆಗೇ ಹೇಳಿ. ಇಂಥ ಸಾವಿನಲ್ಲಿ, ಕೊಲೆಯಲ್ಲಿ, ಅಥವಾ ಮಗು ಕಣ್ಣಾರೆ ಕಂಡ ಸಾವಿನಲ್ಲಿ ಆಪ್ತಸಮಾಲೋಚಕರನ್ನು ಮೊದಲಿನಿಂದಲೇ ಜೊತೆಗಿಟ್ಟುಕೊಳ್ಳಿ.

ಈಗಾಗಲೇ ಸುಳ್ಳು ಹೇಳಿಬಿಟ್ಟಿದ್ದರೆ

ಇವತ್ತೇ ಸರಿ ಮಾಡಿ. "ಅಮ್ಮ ದೂರ ಹೋಗಿದ್ದಾಳೆ ಅಂತ ಹೇಳಿದ್ದೆ. ಅದು ನಿಜ ಅಲ್ಲ. ಹೇಳಕ್ಕೆ ನಂಗೆ ಭಯ ಆಗಿತ್ತು. ಅಮ್ಮ ಸತ್ತುಹೋಗಿದ್ದಾಳೆ. ಇನ್ಮೇಲೆ ನಿಜಾನೇ ಹೇಳ್ತೀನಿ." ಮಗು ಸಿಟ್ಟಾದರೆ ಸಿಟ್ಟಾಗಲಿ. ನಿಮ್ಮನ್ನು ಸಮರ್ಥಿಸಿಕೊಳ್ಳಬೇಡಿ. ಇದಾದ ಮೇಲೆ ಹಂತ 2ರಿಂದ ಮತ್ತೆ ಶುರು ಮಾಡಿ.

ಎಚ್ಚರಿಕೆಯ ಗುರುತುಗಳು

ಕಾಯದೆ ಅವತ್ತೇ ವೈದ್ಯರ ಹತ್ತಿರ ಹೋಗಬೇಕಾದವು: ಸಾಯುವ ಮಾತು, ಮೈಗೆ ಗಾಯ ಮಾಡಿಕೊಳ್ಳುವುದು, ಊಟ ನೀರು ಪೂರ್ತಿ ಬಿಡುವುದು. ಐದು ವರ್ಷದ ಮಗು "ನಾನೂ ಅಮ್ಮನ ಹತ್ರ ಹೋಗ್ಬೇಕು" ಅಂದರೆ ಅಮ್ಮ ಬೇಕು ಅಂತ ಅಷ್ಟೇ ಇರಬಹುದು. "ಹೋಗೋದು ಅಂದ್ರೆ ಹೇಗೆ?" ಅಂತ ಮೆಲ್ಲಗೆ ಕೇಳಿ ತಿಳಿದುಕೊಳ್ಳಿ. ಹದಿಹರೆಯದವರನ್ನು ನೇರವಾಗಿ ಕೇಳಿ: "ಸಾಯ್ಬೇಕು ಅಂತ ಅನಿಸ್ತಾ ಇದೆಯಾ?" ಕೇಳಿದ್ದರಿಂದ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ. ಹೌದು ಅಂದರೆ ಒಬ್ಬರನ್ನೇ ಬಿಡಬೇಡಿ. ಔಷಧಿ, ಹರಿತವಾದ ವಸ್ತುಗಳು ಕೈಗೆ ಸಿಗದಂತೆ ಮಾಡಿ, ಕೂಡಲೇ ಸಹಾಯ ಪಡೆಯಿರಿ.

ಕೆಲವು ವಾರ ಎಡೆಬಿಡದೆ ಇದ್ದರೆ ತೋರಿಸಬೇಕಾದವು: ಶಾಲೆಗೆ ಹೋಗಲು ಒಪ್ಪದಿರುವುದು, ಗೆಳೆಯರನ್ನೆಲ್ಲ ಬಿಡುವುದು, ನಿದ್ದೆ ಕೆಡುವುದು, ಯಾವ ಆಟವೂ ಬೇಡವಾಗುವುದು, ಕುಡಿತ ಅಥವಾ ಮಾದಕ ವಸ್ತು, ಎಲ್ಲರ ಮೇಲೆ ಕೈ ಮಾಡುವುದು. ಒಂದು ಕಣ್ಣೀರೂ ಇಲ್ಲದೆ ಅತಿಯಾಗಿ 'ಒಳ್ಳೆಯ ಮಗು' ಆಗಿಬಿಡುವುದನ್ನೂ ಗಮನಿಸಿ. ಅಂಥ ಮಗುವನ್ನು ಎಲ್ಲರೂ ಹೊಗಳುತ್ತಾರೆ, ಯಾರೂ ವಿಚಾರಿಸುವುದಿಲ್ಲ.

2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿ ಐಸಿಡಿ-11ರಲ್ಲಿ ದೀರ್ಘಕಾಲದ ಶೋಕ ಒಂದು ಕಾಯಿಲೆಯಾಗಿ ಸೇರಿದೆ. ತೀವ್ರವಾದ ಹಂಬಲ ಕನಿಷ್ಠ 6 ತಿಂಗಳು ಬಿಡದೆ ಇದ್ದು, ದಿನದ ಬದುಕನ್ನೇ ನಿಲ್ಲಿಸಿದರೆ ಹಾಗೆ ಗುರುತಿಸುತ್ತಾರೆ. ಇದು ವೈದ್ಯರು ಹೆಸರಿಡಲು ಇರುವ ಅವಧಿ. ಸಹಾಯ ಕೇಳಲು ನೀವು ಅಷ್ಟು ದಿನ ಕಾಯಬೇಕಿಲ್ಲ.

ಹಂತ 9: ಎರಡನೇ ವರ್ಷಕ್ಕೂ ತಯಾರಾಗಿ

ವರ್ಷ ಕಳೆದರೆ ಮುಗಿಯಿತು ಅಂತ ಜನ ಬರುವುದು ನಿಲ್ಲಿಸುತ್ತಾರೆ. ತಂದೆ ಅಥವಾ ತಾಯಿಯನ್ನು ಕಳೆದುಕೊಂಡ 125 ಮಕ್ಕಳನ್ನು ಎರಡು ವರ್ಷ ಗಮನಿಸಿದ, ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಅಧ್ಯಯನದಲ್ಲಿ, ಕೆಲವು ಮಕ್ಕಳ ಕಷ್ಟ ಮೊದಲ ವರ್ಷಕ್ಕಿಂತ ಎರಡನೇ ವರ್ಷ ಹೆಚ್ಚಾಗಿ ಕಂಡಿತು. ಉಳಿದಿರುವ ತಂದೆಯೋ ತಾಯಿಯೋ ಎಷ್ಟು ನಿಭಾಯಿಸುತ್ತಿದ್ದಾರೆ ಅನ್ನುವುದು ಮಗುವಿನ ಚೇತರಿಕೆಗೆ ತುಂಬಾ ಮುಖ್ಯ ಅಂತಲೂ ಅದರಲ್ಲಿ ತಿಳಿಯಿತು. ಹಾಗಾಗಿ ನಿಮ್ಮ ನಿದ್ದೆ, ನಿಮ್ಮ ಊಟ, ನಿಮಗೆ ಬೇಕಾದ ಚಿಕಿತ್ಸೆ ಮಗುವಿಗಾಗಿ ಮಾಡುವ ಕೆಲಸವೇ. ಅದನ್ನು ಕೊನೆಗೆ ತಳ್ಳಬೇಡಿ.

ಹುಟ್ಟುಹಬ್ಬ, ಸಾವಿನ ದಿನ, ಶಾಲೆಯ ಸಮಾರಂಭ ಇವುಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ಒಂದು ವಾರ ಮುಂಚೆಯೇ "ಆ ದಿನ ಏನು ಮಾಡೋಣ?" ಅಂತ ಮಗುವನ್ನು ಕೇಳಿ. ಏನೂ ಬೇಡ ಅಂದರೆ ಅದೂ ಸರಿ.

ಐದನೇ ವಯಸ್ಸಿನಲ್ಲಿ ಕೇಳಿದ್ದನ್ನೇ ಮಗು ಒಂಬತ್ತರಲ್ಲಿ ಹೊಸದಾಗಿ ಕೇಳುತ್ತದೆ, ಹದಿನಾಲ್ಕರಲ್ಲಿ ಮತ್ತೊಮ್ಮೆ ಕೇಳುತ್ತದೆ. ಹಳೆಯ ಗಾಯ ಕೆದಕುತ್ತಿದೆ ಅಂತಲ್ಲ. ಬುದ್ಧಿ ಬೆಳೆದ ಹಾಗೆ ಅದೇ ಸಾವು ಅದಕ್ಕೆ ಬೇರೆಯಾಗಿ ಅರ್ಥವಾಗುತ್ತಿದೆ. ಮೊದಲು 'ಹೃದಯ ಕೆಟ್ಟಿತ್ತು' ಅಂತ ಅಷ್ಟೇ ಹೇಳಿದ್ದರೆ ಈಗ ಯಾವ ಕಾಯಿಲೆ, ಯಾವ ಚಿಕಿತ್ಸೆ, ಕೊನೆಯ ದಿನ ಏನಾಯಿತು ಅಂತ ಹೇಳಿ. ಆಸ್ಪತ್ರೆಯ ಕಾಗದಗಳನ್ನು ಎಸೆಯದೆ ಇಟ್ಟಿರಿ. ಅದು ವಂಶದಲ್ಲಿ ಬರುವ ಕಾಯಿಲೆಯಾಗಿದ್ದರೆ ಮಗುವಿನ ವೈದ್ಯರಿಗೂ ಆ ಕಾಗದಗಳು ಬೇಕಾಗುತ್ತವೆ.